ಗಣಾಚಾರವೂ ಕಾಲುವೆಯ ನೀರೂ

ವಚನವಾಙ್ಮಯವನ್ನು ಭಕ್ತಿಯಿಂದ ಅವಲೋಕಿಸುವವರಿಗೆ ಮೊದಲು ಕಣ್ಣಿಗೆ ಬೀಳುವ ಸಂಗತಿಯೆಂದರೆ ಅಂಕಿತ. ಬಸವಣ್ಣನವರ ಮಾತು ಕೂಡಲಸಂಗಮದೇವನಲ್ಲಿ ಮುಗಿಯುತ್ತದೆ, ಮಹಾದೇವಿಯಕ್ಕನ ಮಾತು ಚೆನ್ನಮಲ್ಲಿಕಾರ್ಜುನನಲ್ಲಿ. ಒಂದೇ ಮನೆಯಲ್ಲಿ ಸಂಸಾರ ನಡೆಸಿದ ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಸಹ ಒಂದೇ ಅಂಕಿತದಿಂದ ನುಡಿದವರಲ್ಲ. ಪತಿಯದು ಅಮರೇಶ್ವರಲಿಂಗವೆಂಬುದಾದರೆ, ಸತಿಯದು ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂಬುದು. ಆರಾಧ್ಯದೈವ ಒಂದೇ ಆದರೂ ನುಡಿದ ಮಾತಿಗೆ ಅವರವರೇ ಹೊಣೆ. ಗುರುವು ಕರುಣಿಸಿದ ಇಷ್ಟಲಿಂಗದ ವಿಷಯವೂ ಹೀಗೆಯೇ. ಅದು ಅವರವರ ಕರಸ್ಥಲದಲ್ಲಿಯೇ ಇರತಕ್ಕದ್ದು. ತಂದೆಯ ಹೆಸರಿನಲ್ಲಿ ಮಗನು ಎರೆದ ಮಜ್ಜನ ತಂದೆಯ ಪೂಜೆಯಾಗದು. ದಕ್ಷಿಣೆಯಿತ್ತು ಪರರಿಂದ ಮಾಡಿಸುವ ಅರ್ಚನೆಗೆ ಇಲ್ಲಿ ಅವಕಾಶವೇ ಇಲ್ಲ. ವ್ಯಕ್ತಿಗೆ ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟ ಮತಗಳು ಲೋಕದಲ್ಲಿ ವಿರಳವೆಂದರೆ ಅತಿಶಯೋಕ್ತಿಯಾಗದು.

ಆದರೆ ಇದೇ ವಚನಗಳು ಇಂದಿಗೂ ಭಕ್ತರ ಕೈಗೆ ದೊರೆತಿರುವುದು ಹೇಗೆಂದು ಕೇಳಿದರೆ ಬೇರೊಂದು ಉತ್ತರ ಬರುತ್ತದೆ. ಕಲ್ಯಾಣದ ಕ್ರಾಂತಿಯ ತರುವಾಯ ಚದುರಿಹೋದ ಓಲೆಗಳು ಯಾವ ಒಬ್ಬ ಮಹಾನುಭಾವನ ಶ್ರಮದಿಂದಲೂ ಉಳಿದವಲ್ಲ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನು ವಿಜಯನಗರವನ್ನು ಆಳುತ್ತಿದ್ದಾಗ, ಲಕ್ಕಣ್ಣದಂಡೇಶ, ಜಕ್ಕಣಾರ್ಯರಂತಹ ಅಧಿಕಾರಿಗಳ ಆಶ್ರಯದಲ್ಲಿ ನೂರೊಂದು ವಿರಕ್ತರು ನೆರೆದು ವಚನಗಳನ್ನು ಹುಡುಕಿ, ಸಂಕಲಿಸಿ, ಟೀಕೆ ಬರೆದರೆಂದು ಪರಂಪರೆ ಹೇಳುತ್ತದೆ. ಬೇರೆ ಬೇರೆ ಅಂಕಿತಗಳ ಬಿಡಿಮಾತುಗಳನ್ನು ಒಂದು ಮಹಾಗೋಷ್ಠಿಯಂತೆ ಕೂಡಿಸಿದ ಶೂನ್ಯಸಂಪಾದನೆಯೂ ಆ ಶತಮಾನದ ಫಲವೇ. ಅದು ಕೂಡ ಒಬ್ಬರ ಕೈಯಲ್ಲಿ ಪೂರ್ಣವಾಗದೆ ನಾಲ್ಕು ಬಾರಿ ಪರಿಷ್ಕೃತವಾಯಿತು. ಇಂದು ಯಾತ್ರಿಕರು ಕಲ್ಲಿನ ರಥವನ್ನು ನೋಡಿ ಹಿಂದಿರುಗುವ ಹಂಪೆ, ವಚನಗಳ ಪಾಲಿಗೆ ಒಂದು ಕಣಜವಾಗಿದ್ದಿತೆಂಬುದು ಆ ಪ್ರಾಂತದವರಿಗೂ ಬಹುಮಟ್ಟಿಗೆ ಮರೆತಿದೆ.

ಹಾಗಾದರೆ ಶರಣಮಾರ್ಗದಲ್ಲಿ ವ್ಯಕ್ತಿ ದೊಡ್ಡವನೋ ಸಮೂಹ ದೊಡ್ಡದೋ? ಈ ಪ್ರಶ್ನೆಯನ್ನು ಇಂದಿನವರು ಎರಡು ಬಗೆಯಾಗಿ ಬಿಡಿಸಿಕೊಂಡಿದ್ದಾರೆ. ನನ್ನ ಲಿಂಗ ನನಗೆ, ನನ್ನ ಹೊಲ ನನಗೆ, ಉಳಿದವರ ಗೊಡವೆ ಏಕೆಂಬುದು ಒಂದು. ಎಲ್ಲವನ್ನೂ ಸಮಾಜ ಮಾಡಲಿ, ಸರ್ಕಾರ ನೋಡಿಕೊಳ್ಳಲಿ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡನ್ನೂ ಒಬ್ಬನೇ ಗೃಹಸ್ಥನು ಒಂದೇ ದಿನದಲ್ಲಿ ಆಡುವುದುಂಟು. ಬೆಳಿಗ್ಗೆ ತೂಬಿನ ಬಳಿ ಮೊದಲನೆಯದು, ಸಂಜೆ ಕಟ್ಟೆಯ ಮೇಲೆ ಎರಡನೆಯದು.

ಪಂಚಾಚಾರಗಳನ್ನು ಅರಿತವರಿಗೆ ಈ ಗೊಂದಲ ಇರಲಾರದು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಐದರಲ್ಲಿ ಮೊದಲನೆಯದು ಕರಸ್ಥಲದ ಲಿಂಗಕ್ಕೆ ಸಂಬಂಧಿಸಿದ್ದು. ಸದಾಚಾರವೆಂದರೆ ಸತ್ಯಶುದ್ಧವಾದ ಕಾಯಕದಿಂದ ಬಾಳುವುದು. ಶಿವಾಚಾರವೆಂದರೆ ಶಿವಭಕ್ತರಲ್ಲಿ ಮೇಲು ಕೀಳೆಣಿಸದಿರುವುದು. ಇವುಗಳ ವಿವರ ಎಲ್ಲರೂ ಬಲ್ಲದ್ದು. ಗಣಾಚಾರವನ್ನು ಮಾತ್ರ ಅನೇಕರು ತಪ್ಪಾಗಿ ತಿಳಿದಿದ್ದಾರೆ. ಶಿವನಿಂದೆಯನ್ನು ಕೇಳಿ ಸುಮ್ಮನಿರಬಾರದೆಂಬ ಅದರ ವಿಧಿಯನ್ನು ಜಗಳಕ್ಕೆ ಕೊಟ್ಟ ಅಪ್ಪಣೆಯೆಂದು ಭಾವಿಸುವವರುಂಟು. ಅದರ ಹುರುಳು ಬೇರೆ. ಗಣಕ್ಕೆ ಹಾನಿಯಾಗುತ್ತಿರುವುದನ್ನು ಕಂಡೂ ಕಾಣದಂತಿರುವವನ ವೈಯಕ್ತಿಕ ಆಚಾರವೇ ಕೆಟ್ಟಿತೆಂಬುದು ಆ ವಿಧಿಯ ತಾತ್ಪರ್ಯ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗಣಾಚಾರವು ಗಣದ ಆಚಾರವಲ್ಲ. ಗಣದ ವಿಷಯದಲ್ಲಿ ಒಬ್ಬೊಬ್ಬ ಭಕ್ತನ ಆಚಾರ. ಗಣವು ನೋಡಿಕೊಂಡೀತೆಂದು ಭಕ್ತನು ಕೈಬಿಡುವಂತಿಲ್ಲ. ಇಷ್ಟಲಿಂಗದ ಪೂಜೆಯನ್ನು ಹೇಗೆ ಪರರಿಂದ ಮಾಡಿಸಲಾಗದೋ ಹಾಗೆಯೇ ಇದನ್ನೂ ಪರರಿಗೆ ವಹಿಸಲಾಗದು. ಈ ವಿಧಿಗೆ ಉಗ್ರತೆಯ ಕಳೆ ಹತ್ತದಿರಲೆಂದೇ ಅದರ ಬೆನ್ನಿಗೆ ಭೃತ್ಯಾಚಾರವನ್ನು ಇಟ್ಟರು. ಕಾಯುವವನು ಒಡೆಯನಂತಲ್ಲ, ಆಳಿನಂತೆ ಕಾಯಬೇಕು. ದಾಸೋಹವೆಂಬ ಶಬ್ದದಲ್ಲಿಯೇ ದಾಸನು ನಾನೆಂಬ ಅರ್ಥವಿದೆ.

ಇದನ್ನು ಶಾಸ್ತ್ರಗ್ರಂಥದಲ್ಲಿ ಓದುವುದಕ್ಕಿಂತ ಹೊಸಪೇಟೆ, ಕಂಪ್ಲಿಗಳ ಗದ್ದೆಬಯಲಿನಲ್ಲಿ ನೋಡುವುದು ಸುಲಭ. ತುಂಗಭದ್ರೆಗೆ ವಿಜಯನಗರದ ಅರಸರು ಅಲ್ಲಲ್ಲಿ ಅಣೆಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ರಾಯ, ಬಸವ, ಬೆಲ್ಲ, ಕಾಳಘಟ್ಟ, ತುರ್ತಾ ಎಂಬ ಹೆಸರಿನ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಹಂಪೆಯ ಬಂಡೆಗಳ ನಡುವಣ ಕಣಿವೆಯಲ್ಲಿ ಬಾಳೆ, ಕಬ್ಬು, ಭತ್ತ ಬೆಳೆಯುವುದು ತುರ್ತಾ ಕಾಲುವೆಯ ಕೃಪೆಯಿಂದ. ಸಾಮ್ರಾಜ್ಯ 1565ರಲ್ಲಿ ಮುರಿದುಬಿದ್ದಿತು, ಅರಮನೆಗಳ ಬುನಾದಿ ಮಾತ್ರ ಉಳಿಯಿತು, ಕಾಲುವೆಗಳು ನಿಲ್ಲಲಿಲ್ಲ. ಅರಸನಿಲ್ಲದ ಕಾಲದಲ್ಲಿಯೂ ವರ್ಷಕ್ಕೊಮ್ಮೆ ಹೂಳೆತ್ತುವವರು, ಒಡೆದ ದಂಡೆಗೆ ಮಣ್ಣು ಹಾಕುವವರು, ರಾತ್ರಿ ತೂಬು ಕಾಯುವವರು ಇದ್ದುದರಿಂದಲ್ಲದೆ ಐದು ಶತಮಾನಗಳ ಕಾಲ ನೀರು ತಾನಾಗಿ ಹರಿಯುವಂತಹುದಲ್ಲ.

ಕಾಲುವೆಯ ನ್ಯಾಯ ಬಹಳ ಸರಳ, ಅಷ್ಟೇ ಕಠಿಣ. ನೀರು ಮೇಲಿನವನ ಹೊಲವನ್ನು ದಾಟಿಯೇ ಕೆಳಗಿನವನನ್ನು ತಲಪಬೇಕು. ಮೇಲಿನವನು ಕೆಳಗಿನವನಿಗೆ ಏನನ್ನೂ ಕೊಡಬೇಕಾಗಿಲ್ಲ. ತನ್ನ ಸರದಿ ಮುಗಿದೊಡನೆ ಮಡೆಯನ್ನು ಮುಚ್ಚಿದರೆ ಸಾಕು. ಮುಚ್ಚದಿದ್ದರೆ ಅವನ ಹೊಲಕ್ಕೆ ಹೇಳಿಕೊಳ್ಳುವ ಲಾಭವೂ ಇಲ್ಲ. ಹೆಚ್ಚಿನ ನೀರು ನಿಂತು ಮಣ್ಣು ಸವುಳಾಗುವುದೇ ಹೆಚ್ಚು. ಆದರೂ ಮುಚ್ಚುವುದಿಲ್ಲ. ನಾಳೆ ನೀರು ಬಾರದಿದ್ದರೆ ಎಂಬ ಅಂಜಿಕೆಯೊಂದು, ನೋಡುವವರಿಲ್ಲವೆಂಬ ಧೈರ್ಯವೊಂದು. ನೀರುಗಂಟಿಯು ಎಷ್ಟು ಮಡೆಗಳನ್ನೆಂದು ಕಾದಾನು?

ಲಕ್ಕಮ್ಮನ ವೃತ್ತಾಂತ ನೆನಪಿಗೆ ಬರುವುದು ಇಲ್ಲಿಯೇ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದನು. ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ನೆಲದ ಮೇಲೆ ಬಿದ್ದಿದ್ದುದೇ. ಅದು ಸಂಗ್ರಹಕ್ಕೂ ಅಲ್ಲ, ಜಂಗಮದಾಸೋಹಕ್ಕೆ. ಆದರೂ ಲಕ್ಕಮ್ಮ ಒಪ್ಪಲಿಲ್ಲ; ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಿರಾಶೆಯ ಮಹಿಮೆಗೆ ದೃಷ್ಟಾಂತವೆಂದು ಮಾತ್ರ ವಿವರಿಸುವುದು ರೂಢಿ. ಆದರೆ ಚೆಲ್ಲಿದ ಅಕ್ಕಿಗೂ ಬೇರೆ ಹಕ್ಕುದಾರರಿದ್ದಾರು. ನಾಳೆ ಆಯುವ ಇನ್ನೊಬ್ಬ ಬಡವನಿದ್ದಾನು, ಹಕ್ಕಿಗಳಿದ್ದಾವು. ಅಳತೆ ಮೀರಿ ತಂದುದು ಕಾಣದವರೊಬ್ಬರ ಪಾಲು. ಕಾಲುವೆಯ ಕೊನೆಯಂಚಿನ ರೈತನೂ ಮೇಲಿನವನಿಗೆ ಕಾಣದವನೇ. ಲಕ್ಕಮ್ಮನನ್ನು ಕಾವಲುಗಾರನು ಎಚ್ಚರಿಸಲಿಲ್ಲ, ಗಣವು ಕೂಡಿ ದಂಡ ವಿಧಿಸಲಿಲ್ಲ. ತನ್ನ ಮನೆಯೊಳಗೆ ತಾನೇ ಮೊರವನ್ನು ಅಳೆದು ನೋಡಿದಳು.

ಹೊಸಪೇಟೆ, ಕಂಪ್ಲಿಯವರು ಒಂದರ್ಥದಲ್ಲಿ ಭಾಗ್ಯಶಾಲಿಗಳು. ತುಂಗಭದ್ರಾ ಅಣೆಕಟ್ಟು ಬಂದ ಮೇಲೂ ಹಳೆಯ ಕಾಲುವೆಗಳ ಹಕ್ಕು ಉಳಿಯಿತು. ವರ್ಷದ ಬಹುಭಾಗ ಅವುಗಳಿಗೆ ನೀರುಂಟು. ನದಿಯ ಆಚೆಯ ದಡದ ಸ್ಥಿತಿ ಹಾಗಿಲ್ಲ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನತ್ತ 227 ಕಿಲೋಮೀಟರು ಸಾಗುವ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ, ಜೋಳ, ಹತ್ತಿಯಂತಹ ಅರೆ ನೀರಾವರಿ ಬೆಳೆಗಳಿಗೆ ಹೆಚ್ಚು ಭೂಮಿಯನ್ನೂ ಭತ್ತಕ್ಕೆ ಅಲ್ಪಭಾಗವನ್ನೂ ಗೊತ್ತುಪಡಿಸಿದ್ದರು. ಬರಗಾಲದ ನಾಡಿನಲ್ಲಿ ಇದ್ದ ನೀರು ಹೆಚ್ಚು ಮಂದಿಗೆ ಹಂಚಿಹೋಗಲೆಂಬುದು ಉದ್ದೇಶ. ಕಾಲುವೆಯ ಮೇಲ್ಭಾಗದಲ್ಲಿ ಮಾತ್ರ ದಿನೇ ದಿನೇ ಭತ್ತವೇ ಹಬ್ಬಿತು. ಒಬ್ಬೊಬ್ಬನನ್ನೂ ವಿಚಾರಿಸಿದರೆ ಅವನ ಲೆಕ್ಕ ಸರಿಯೇ: ನೀರು ಹೊಲದ ಮುಂದೆ ಹರಿಯುತ್ತಿದೆ, ಭತ್ತಕ್ಕೆ ಬೆಲೆಯಿದೆ, ಮಗಳ ಮದುವೆಯ ಸಾಲವಿದೆ. ಹೀಗೆ ಸರಿಯಾದ ಸಾವಿರ ಲೆಕ್ಕಗಳು ಕೂಡಿದಾಗ ಮಾನ್ವಿ, ರಾಯಚೂರಿನ ಕೊನೆಯ ಭಾಗದವರು ಒಣಗಿದ ಕಾಲುವೆಯ ದಂಡೆಯಲ್ಲಿ ನಿಂತು ಧರಣಿ ಮಾಡುವುದು ವರ್ಷವರ್ಷದ ಮಾತಾಯಿತು. ದುರ್ಜನರು ಯಾರೂ ಬೇಕಾಗಲಿಲ್ಲ.

ಇದಕ್ಕೆ ಪೂರಕವಾದ ಒಂದು ವಿಚಾರವನ್ನು ರಾಬರ್ಟ್ ವೇಡ್ ಎಂಬ ಪಾಶ್ಚಾತ್ಯ ವಿದ್ವಾಂಸರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ನೆರೆಯ ಆಂಧ್ರದ ಕಾಲುವೆಗ್ರಾಮಗಳಲ್ಲಿ ಅವರು ಕಂಡದ್ದೇನೆಂದರೆ, ನೀರು ಧಾರಾಳವಾಗಿರುವ ಮೇಲ್ಭಾಗದ ಊರುಗಳಲ್ಲಿ ಒಗ್ಗಟ್ಟಿನ ವ್ಯವಸ್ಥೆ ಅಪರೂಪ. ನೀರಿನ ಕೊರತೆಯಿರುವ ಕೆಳಭಾಗದ ಊರುಗಳಲ್ಲಿಯೇ ಜನರು ತಮ್ಮೊಳಗೆ ಹಣ ಕೂಡಿಸಿ ನೀರು ಹಂಚುವ ಆಳುಗಳನ್ನೂ ಹೊಲ ಕಾಯುವವರನ್ನೂ ನೇಮಿಸಿಕೊಳ್ಳುತ್ತಾರೆ. ಕಷ್ಟವು ಕೂಡಿಬಾಳುವುದನ್ನು ಕಲಿಸುತ್ತದೆಂದು ಇದನ್ನು ಓದಿ ಸಂತೋಷಪಡುವವರುಂಟು. ಆದರೆ ಭೃತ್ಯಾಚಾರವನ್ನು ವಿಧಿಸಿದವರ ದೃಷ್ಟಿಯಿಂದ ನೋಡಿದರೆ ಇದು ಅಷ್ಟೇನೂ ಸಮಾಧಾನದ ಸಂಗತಿಯಲ್ಲ. ಕೊರತೆಯುಳ್ಳವನು ಒಗ್ಗಟ್ಟಾಗುವುದು ಅವನಿಗೆ ಅನಿವಾರ್ಯ. ಹೊಣೆ ಹೆಚ್ಚಾಗಿ ಇರಬೇಕಾದುದು ನೀರುಳ್ಳವನಲ್ಲಿ, ಅಲ್ಲಿಯೇ ಅದು ಕಾಣದಾಯಿತು.

ಪ್ರಾಚೀನರು ಈ ಸಮಸ್ಯೆಯನ್ನು ಅರಿಯದವರಲ್ಲ. ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಕಡಪಾ ಪ್ರಾಂತದ ಪೊರುಮಾಮಿಳ್ಳದಲ್ಲಿ ಬರೆಸಿದ ಸಂಸ್ಕೃತ ಶಾಸನದಲ್ಲಿ ಕೆರೆಗೆ ಇರಬೇಕಾದ ಹನ್ನೆರಡು ಸಾಧನಗಳನ್ನೂ ಇರಬಾರದ ಆರು ದೋಷಗಳನ್ನೂ ಹೇಳಿದೆ. ಏರಿಯಿಂದ ನೀರು ಒಸರುವುದು, ಸವುಳು ನೆಲ, ನಡುವೆ ಆಮೆಯ ಬೆನ್ನಿನಂತೆ ಎತ್ತರವಿರುವುದು, ನೀರು ಹೆಚ್ಚಿ ನೆಲ ಕಡಿಮೆಯಾಗುವುದು, ಇವು ಶಿಲ್ಪಿಗಳ ವಿಷಯ. ಉಳಿದ ಎರಡು ದೋಷಗಳು ವಿಚಾರಾರ್ಹವಾದವು. ನೀರು ಅಲ್ಪವಾಗಿ ನೆಲ ವಿಶಾಲವಾಗಿರುವುದು ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು. ಎಂದರೆ, ಇಬ್ಬರಿಗೆ ಸೇರಿದ್ದು ಇಬ್ಬರಿಂದಲೂ ಕೆಟ್ಟೀತೆಂಬ ಅಂಜಿಕೆ ಶಾಸನಕಾರನಿಗಿತ್ತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಒಂದು ದಡದಲ್ಲಿ ಮದರಾಸು, ಇನ್ನೊಂದು ದಡದಲ್ಲಿ ಹೈದರಾಬಾದು ಪ್ರಾರಂಭೋತ್ಸವ ನಡೆಸಿದವು. ಆ ಎರಡು ದೋಷಗಳೂ ಅದಕ್ಕೆ ಹುಟ್ಟಿನಿಂದಲೇ ಬಂದವು. ಆದರೂ ಅದು 1953ರಲ್ಲಿ ಪೂರ್ಣಗೊಂಡು, ಅದೇ ವರ್ಷ ಅದಕ್ಕೊಂದು ಮಂಡಳಿಯೂ ಏರ್ಪಟ್ಟು, ಇಂದು ಮೂರು ರಾಜ್ಯಗಳಿಗೆ ನೀರುಣಿಸುತ್ತಿದೆ. ದೋಷವಿದ್ದರೂ ನಡೆಯಿಸಬಹುದು, ನಡೆಯಿಸುವವರು ಬೇಕು.

ಸಮೂಹದ ಹೊಣೆಯೆಂಬ ಮಾತಿಗೆ ಇನ್ನೊಂದು ಮುಖವುಂಟು. ಅದನ್ನು ಮರೆಮಾಚುವುದು ಸಲ್ಲದು. ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳತ್ತ ಹೋಗುವಾಗ ಕಣಿವೆಯ ಬಾಯಿಗೆ ಅಡ್ಡವಾಗಿ ಮಲಗಿರುವ ಒಂದು ಭಾರೀ ಏರಿ ಕಾಣುತ್ತದೆ. ಅದು ರಾಯರ ಕೆರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವರ್ಣಿಸಿದ ಕೆರೆ ಇದೇ ಎಂಬುದು ವಿದ್ವಾಂಸರ ಮತ. ಹದಿನೈದರಿಂದ ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕವಿದು ಕೆಲಸ ಮಾಡುತ್ತಿದ್ದುದನ್ನು ಅವನು ಕಂಡನಂತೆ. ಕಟ್ಟಿದ ಏರಿ ಎರಡು ಮೂರು ಬಾರಿ ಒಡೆಯಿತು. ದೈವಕ್ಕೆ ರಕ್ತ ಬೇಕೆಂಬ ಮಾತು ಬಂದಿತು. ಅರವತ್ತು ಜನರನ್ನೂ ಕೆಲವು ಕುದುರೆ, ಕೋಣಗಳನ್ನೂ ಕಡಿಸಲಾಯಿತೆಂದು ಪಾಯಸ್ ಬರೆದಿದ್ದಾನೆ. ಸತ್ತವರು ಸೆರೆಯಲ್ಲಿದ್ದ ಅಪರಾಧಿಗಳೆಂದು ಇನ್ನೊಬ್ಬ ಪೋರ್ಚುಗೀಸನಾದ ನೂನಿಜ್ ಹೇಳುತ್ತಾನೆ. ಲೋಕೋಪಕಾರಕ್ಕಾಗಿ ಕೆರೆ, ಕೆರೆಗಾಗಿ ಮಾತನಾಡುವ ಶಕ್ತಿಯಿಲ್ಲದವರ ತಲೆ! ಕನ್ನಡ ಹೆಣ್ಣುಮಕ್ಕಳು ತಲೆತಲಾಂತರದಿಂದ ಹಾಡಿಕೊಂಡು ಬಂದ ಕೆರೆಗೆ ಹಾರ ಎಂಬ ಕಥನಗೀತದಲ್ಲಿಯೂ ಆಹುತಿಯಾಗುವವಳು ಊರಗೌಡನಲ್ಲ, ಅವನ ಕಿರಿಯ ಸೊಸೆ ಭಾಗೀರಥಿ. ಮನೆಯಲ್ಲಿ ಎಲ್ಲರಿಗಿಂತ ಕಡಮೆ ಅಧಿಕಾರವುಳ್ಳವಳನ್ನೇ ಆರಿಸಿದುದು ಆಕಸ್ಮಿಕವಲ್ಲ.

ಇದು ಗಣಾಚಾರವೂ ಅಲ್ಲ, ಭೃತ್ಯಾಚಾರವಂತೂ ಅಲ್ಲವೇ ಅಲ್ಲ. ತನ್ನನ್ನು ತಾನು ಒಪ್ಪಿಸುವುದು ಶರಣಧರ್ಮ. ಪರರನ್ನು ಒಪ್ಪಿಸುವುದು ಅದರ ವಿಡಂಬನೆ. ಬಲಿಯ ಕಾಲ ಮುಗಿದಿರಬಹುದು, ಆರಿಸುವ ಕ್ರಮ ಮುಗಿದಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಸುಮಾರು 90 ಗ್ರಾಮಗಳು ಮುಳುಗಿ, 54,000ಕ್ಕೂ ಹೆಚ್ಚು ಜನ ನೆಲೆ ಬಿಟ್ಟರು. ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಮನೆ ಮಾಡಿಕೊಂಡ ಕಥೆ ಆ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅಣೆಕಟ್ಟು ಬೇಡವಾಗಿತ್ತೆಂದು ಹೇಳುವುದು ಸಾಧುವಲ್ಲ. ರಾಯಲಸೀಮೆ, ಬಳ್ಳಾರಿ, ರಾಯಚೂರುಗಳ ಬರಗಾಲವನ್ನು ಕಂಡವರು ಹಾಗೆ ಹೇಳಲಾರರು. ಆದರೆ ಸರದಿ ಮೀರಿ ಮಡೆ ತೆರೆದವನು ಬಳಸುವ ನೀರು ಯಾರದೋ ಮನೆಯಂಗಳದ ಮೇಲೆ ನಿಂತ ನೀರು. ಅದು ಅವನ ಸ್ವಯಾರ್ಜಿತವಲ್ಲ.

ರಾಯರ ಕೆರೆಯಲ್ಲಿ ಈಗ ನೀರಿಲ್ಲ. ಅದರ ಆಚೆಯ ಸಂಡೂರಿನ ಕಥೆ ಬೇರೊಂದು ಲೇಖನಕ್ಕೆ ಸಲ್ಲುವಷ್ಟು ದೀರ್ಘವಾದದ್ದು. ಪ್ರಕೃತಕ್ಕೆ ಬೇಕಾದಷ್ಟು ಹೇಳಿದರೆ ಸಾಕು. ಕುಮಾರಸ್ವಾಮಿಯ ಬೆಟ್ಟಸಾಲಿನ ಕಬ್ಬಿಣದ ಅದಿರಿಗೆ ಈ ಶತಮಾನದ ಮೊದಲ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಏರಿತು. ಗುತ್ತಿಗೆ ಪಡೆದವರು ಕೆಲವರು, ಕೆಂಧೂಳನ್ನು ಉಂಡವರು ಎಲ್ಲರೂ. ಗುತ್ತಿಗೆಯ ಎಲ್ಲೆಗಲ್ಲುಗಳೇ ಕಿತ್ತುಹೋಗುವಷ್ಟು ಅಕ್ರಮ ನಡೆಯಿತು. ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈ ತಿಂಗಳಲ್ಲಿ ಹೊರಬಿದ್ದಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರಲ್ಲಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತ್ಯಂತ ಅಕ್ರಮವೆಸಗಿದ ಸಿ ವರ್ಗದವನ್ನು ರದ್ದುಗೊಳಿಸಿತು. ದೂರು ಕೊಂಡೊಯ್ದವರು ಕೆಲವೇ ಮಂದಿ. ಅದಿರಿನ ಲಾರಿ ಬಾಡಿಗೆಗೆ ಬಿಟ್ಟವರು, ಹೊಲವನ್ನು ಅದಿರು ರಾಶಿ ಹಾಕಲು ಕೊಟ್ಟವರು ಎಷ್ಟೋ ಮಂದಿ ಮನೆಯಲ್ಲಿ ಲಿಂಗಪೂಜೆ ತಪ್ಪಿಸಿದವರಲ್ಲ. ಲಿಂಗಾಚಾರವಿದ್ದು ಗಣಾಚಾರ ಹೋದರೆ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ದೊಡ್ಡ ಅಕ್ರಮವನ್ನು ಖಂಡಿಸುವುದು ಸುಲಭ. ಹೊಸಪೇಟೆಯ ಪೇಟೆಯೊಳಗೇ ಹಾದುಹೋಗುವ ಹಳೆಯ ಕಾಲುವೆಗೆ ಮನೆಯ ಕಸವನ್ನು ಸುರಿಯುವವರು ಗಣಿಯ ಒಡೆಯರಲ್ಲ. ಬೆಳಿಗ್ಗೆ ವಿಭೂತಿ ಧರಿಸಿದ ಕೈಯೇ ಆ ಬುಟ್ಟಿಯನ್ನೂ ಎತ್ತುತ್ತದೆ. ಅದೇ ನೀರು ಮುಂದೆ ಬೇರೊಬ್ಬ ಭಕ್ತನ ಗದ್ದೆಗೆ ಹೋಗುತ್ತದೆ. ಜಲಾಶಯದ ಒಳಗಣ ವಿಷಯವೂ ಹೀಗೆಯೇ. ಪ್ರಾರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಅಣೆಕಟ್ಟು ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳಿನಲ್ಲಿ ಯಾರ ಮಣ್ಣು ಎಷ್ಟೆಂದು ಬೇರ್ಪಡಿಸಲು ಸಾಧ್ಯವಿಲ್ಲ; ಅದರಿಂದಲೇ ಅದು ಯಾರಿಗೂ ತನ್ನದೆನಿಸುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ರೈತರು ಸಂತೋಷದಲ್ಲಿದ್ದ ಸಮಯದಲ್ಲಿ, ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕಂಪ್ಲಿಯ ಕಡೆ ನದಿತೀರದವರಿಗೆ ಎಚ್ಚರಿಕೆ ಹೋಯಿತು. ಒಂದು ವಾರದೊಳಗೆ 30 ಟಿಎಂಸಿಗೂ ಹೆಚ್ಚು ನೀರು ಹರಿದುಹೋಯಿತು. ಅದು ಮೇಲ್ಭಾಗದವರ ನೀರೋ ಕೆಳಭಾಗದವರ ನೀರೋ, ಕರ್ನಾಟಕದ್ದೋ ಆಂಧ್ರದ್ದೋ ತೆಲಂಗಾಣದ್ದೋ ಎಂದು ಆ ವಾರ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ವಯೋವೃದ್ಧರಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೆಯೇ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ವೇಳೆಗೆ ಕಿಂಡಿಯನ್ನು ಮುಚ್ಚಿದರು. ಅವರಲ್ಲಿ ಬಹುಮಂದಿಗೆ ಅಚ್ಚುಕಟ್ಟಿನಲ್ಲಿ ಅಂಗೈಯಗಲದ ಹೊಲವೂ ಇರಲಿಲ್ಲ.

ಆ ವರ್ಷ ಮಳೆ ಕೈಹಿಡಿಯಿತು. ಸೆಪ್ಟೆಂಬರ್ ತಿಂಗಳಲ್ಲಿ ಜಲಾಶಯ ಮತ್ತೆ ತುಂಬುತ್ತ ಬಂದಿತು. ಕಾಲುವೆಗಳ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಸಿರಾಗಿದ್ದವು. ಕೊನೆಯಂಚಿನವರು ಎಂದಿನಂತೆ ಗುದ್ದಲಿ, ಲಾಟೀನು ಹಿಡಿದು, ಮೇಲಿನವನು ಮಡೆ ಮುಚ್ಚಿದನೋ ಇಲ್ಲವೋ ಎಂದು ನೋಡಲು ರಾತ್ರಿ ದಂಡೆಯ ಮೇಲೆ ನಡೆದುಹೋಗುತ್ತಿದ್ದರು.